ಇವತ್ತು ಎಷ್ಟು ಬಿಟ್ಟೆ?

ಚಿಕ್ಕಪ್ಪ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಸೋಫಾದ ದಿಂಬಿನ ಕೆಳಗೆ ತುರುಕಿ, ಅದರ ಮೇಲೆ ತಾವೇ ಕುಳಿತರು. ಪಕ್ಕದ ಮನೆಯವರು ಕೈಯಲ್ಲಿ ಹಿಡಿದು ತಂದಿದ್ದ ಪ್ರತಿ ಅದು. ಬೆಳಗ್ಗೆ ಬಾಗಿಲಿಗೆ ಬಂದು ಬಿದ್ದದ್ದು ಆಗಲೇ ಗ್ಯಾಸ್ ಸಿಲಿಂಡರಿನ ಹಿಂದೆ ಸೇರಿತ್ತು. ಊರಿಗೆಲ್ಲ ಹಂಚಿಹೋದ ಪತ್ರಿಕೆಯನ್ನು ಒಬ್ಬ ಮನುಷ್ಯ ಎಷ್ಟು ಅಂತ ಬಚ್ಚಿಟ್ಟಾನು? ಆದರೂ ಚಿಕ್ಕಪ್ಪ ತಮ್ಮ ಪ್ರಯತ್ನ ಬಿಟ್ಟಿರಲಿಲ್ಲ.

ನಡುಮನೆಯಲ್ಲಿ ಅಪ್ಪ ಮಲಗಿದ್ದರು. ಶವ ಇಡುವ ಶೈತ್ಯಪೆಟ್ಟಿಗೆಯವನು ಮೊದಲು ತಂದದ್ದು ಗಿಡ್ಡವಾಗಿ, ಬೈದುಕೊಂಡು ವಾಪಸ್ ಹೋಗಿ, ಉದ್ದದ್ದನ್ನು ಹುಡುಕಿ ತಂದಿದ್ದ. ಮಗಳು ಗಾಜಿನ ಮೇಲೆ ಕೂತ ತೇವವನ್ನು ಕರ್ಚೀಫಿನಿಂದ ಒರೆಸುತ್ತಿದ್ದಳು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ಗಾಜು ಮಸುಕಾಗಿದ್ದರೆ ಸುಮ್ಮನಿರಲು ಆಗುತ್ತಿರಲಿಲ್ಲ.

"ಯಾರನ್ನ ಕೇಳಿ ಪೇಪರಿನ ಶ್ರದ್ಧಾಂಜಲೀಲಿ ಆ ಸಾಲು ಹಾಕಿಸಿದೆ?" ಚಿಕ್ಕಪ್ಪ ಕೂತಲ್ಲಿಂದಲೇ ಪಿಸುಗುಟ್ಟಿದರು.

"ಅಪ್ಪ ಹೇಳಿದ್ರು ಚಿಕ್ಕಪ್ಪ."

"ನಿಮ್ಮಪ್ಪ ತಾರಸಿ ಮೇಲೆ ಕುದುರೆ ಕಟ್ಟಿದೀನಿ ಅಂತಾನೂ ಹೇಳಿದ್ರು. ಅದನ್ನೂ ಹಾಕಿಸಬೇಕಿತ್ತು."

ಮಗಳು ಇನ್ನೊಮ್ಮೆ ಗಾಜು ಒರೆಸಿದಳು.

"ನಾನು ಬರೆದುಕೊಟ್ಟದ್ದಕ್ಕೆ ಏನಾಗಿತ್ತು? ಸೌಮ್ಯ ಸ್ವಭಾವದವರು, ಎಲ್ಲರಿಗೂ ಬೇಕಾದವರು. ಅಷ್ಟಕ್ಕೇ ಬಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಮಿಲ್ಲಿನ ಬಾಸ್ಕೆಟ್‌ಬಾಲ್ ತಂಡ ಅಂದ್ರೆ ಆಗ ಕ್ಯಾಪ್ಟನ್. ಹಾಲು ಹಾಕೋನ ಬಾಯಲ್ಲೂ ಕ್ಯಾಪ್ಟನ್ನೇ. ಆ ಕ್ಯಾಪ್ಟನ್ನನ ಮಕ್ಕಳು, ಮೊಮ್ಮಕ್ಕಳು ಇದೇ ಊರಲ್ಲಿದಾರೆ. ಓದಿ ನಗಲ್ವೇನೇ? ಹೋಗೋ ದಿನ ನನ್ನಣ್ಣ ನಗೆಪಾಟಲಾಗಬೇಕಾ?"

ಆ ಸಾಲು ಹೀಗಿತ್ತು: 'ತಮ್ಮ ಕಾಲದಲ್ಲಿ ಈ ಊರಿನ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಅತಿ ಹೆಚ್ಚು ಅಂಕ ಗಳಿಸಿದ ಆಟಗಾರ.' ಜಾಹೀರಾತು ತೆಗೆದುಕೊಳ್ಳುವವನು ಫೋನಿನಲ್ಲಿ, "ಇದು ಖಚಿತಾನಾ ಮೇಡಂ?" ಎಂದು ಕೇಳಿದ್ದ. ಅವಳು ಕಣ್ಣು ಮುಚ್ಚಿಕೊಂಡು "ಹೌದು" ಅಂದಿದ್ದಳು.

*

ಕೊನೆಯ ಕೆಲವು ತಿಂಗಳು ಅಪ್ಪನ ತಲೆ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಡಾಕ್ಟರನ್ನು ತಮ್ಮ ಸೋದರತ್ತೆ ಎಂದು ಕರೆದರು. ಸ್ನಾನ ಮಾಡಿಸಲು ಹೋದರೆ, ಮೆಷಿನ್ ಆಫ್ ಮಾಡದೆ ಬಂದಿದ್ದೇನೆ, ಬಿಡು ಅಂತ ಕೈ ಕೊಸರಿದರು. ಅವರು ಬದುಕಿನ ಅರ್ಧಕ್ಕಿಂತ ಹೆಚ್ಚು ಕಾಲ ಮುದ್ರಣಾಲಯದಲ್ಲಿ ಕಾಗದ ಕತ್ತರಿಸುವ ಯಂತ್ರದ ಮುಂದೆ ನಿಂತವರು. ಮಗಳಿಗೆ ಗೊತ್ತಿದ್ದ ಅಪ್ಪ ಅವರೇ: ಸಂಜೆ ಬಂದು, ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು, ರೇಡಿಯೋ ಹಾಕಿ, ಯಾವ ಹಾಡು ಬಂದರೂ ಬದಲಾಯಿಸದೆ ಕೂರುವವರು.

ಒಂದು ಮಧ್ಯಾಹ್ನ ಅವಳು ಗಂಜಿ ಕುಡಿಸುತ್ತಿದ್ದಾಗ ಅವರು ತಟ್ಟನೆ ಹೇಳಿದರು. "ನನ್ನಷ್ಟು ಯಾರೂ ಹಾಕ್ಲಿಲ್ಲ."

"ಏನನ್ನ ಅಪ್ಪ?"

"ಬುಟ್ಟಿ. ಮಿಲ್ ತಂಡದಲ್ಲಿ. ಎದುರು ಯಾರೇ ಬರಲಿ, ನಂದೇ ಜಾಸ್ತಿ."

ಅಪ್ಪ ಮಿಲ್ಲಿನ ತಂಡದಲ್ಲಿ ಆಡುತ್ತಿದ್ದರೆಂಬುದು ಮನೆಯಲ್ಲಿ ಗೊತ್ತಿದ್ದ ಸಂಗತಿಯೇ. ತಂಡದಲ್ಲಿದ್ದರು, ಅಷ್ಟೇ. ಹೆಚ್ಚಿಗೆ ಕೇಳಿದರೆ, "ಆಡ್ತಿದ್ವಿ ಬಿಡು" ಎಂದು ಎದ್ದುಹೋಗುತ್ತಿದ್ದರು. ಆವತ್ತು ಅವರ ಕಣ್ಣು ತಿಳಿಯಾಗಿತ್ತು, ಮಾತೂ ತೊದಲಲಿಲ್ಲ. ಮಗಳಿಗೆ ಮೈ ಜುಮ್ಮೆಂದಿತು. ಇನ್ನೇನು ಮುಂದಿನದು ಕೇಳಬೇಕು, ಅಷ್ಟರಲ್ಲಿ ಅವರು ಕಿಟಕಿಯ ಕಡೆ ತಿರುಗಿ, ತಾರಸಿಯ ಕುದುರೆಗೆ ಹುಲ್ಲು ಹಾಕಿದೆಯಾ ಎಂದು ವಿಚಾರಿಸಿದರು.

ಒಂದೇ ಬಾಯಿಂದ ಬಂದ ಎರಡು ಮಾತು. ಕುದುರೆ ಸುಳ್ಳಾದರೆ ಬುಟ್ಟಿ ನಿಜ ಹೇಗಾದೀತು?

*

ಹನ್ನೊಂದರ ಹೊತ್ತಿಗೆ ಮುದ್ರಣಾಲಯದವರು ಬಂದರು. ಫೋರ್‌ಮನ್ ಕೈಮುಗಿದು, ಅಮ್ಮನ ಹತ್ತಿರ ಕೂತು, ಹೇಳಬೇಕಾದ್ದನ್ನೆಲ್ಲ ಹೇಳಿದ. ಅವನ ಹಿಂದೆ ನಿಂತಿದ್ದ ಬೈಂಡಿಂಗಿನವನಿಗೆ ಬಾಯಿ ಸುಮ್ಮನಿರಲಿಲ್ಲ.

"ಪೇಪರಲ್ಲಿ ನೋಡಿದ್ವಿ. ನಮ್ಮಣ್ಣ ಬಾಸ್ಕೆಟ್‌ಬಾಲಾ? ಮೆಷಿನ್ ಮುಂದೆ ನಿಂತ್ರೆ ಊಟದ ಗಂಟೆ ಹೊಡೆಯೋವರೆಗೂ ಮಿಸುಕ್ತಿರಲಿಲ್ಲ. ಇವರು ಓಡಾಡಿದ್ದನ್ನ ನೋಡಿದೋರು ಯಾರಪ್ಪ?"

ಫೋರ್‌ಮನ್ ಕೆಮ್ಮಿದ. ಹಿಂದಿದ್ದ ಇಬ್ಬರು ತುಟಿ ಕಚ್ಚಿಕೊಂಡು ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ಚಿಕ್ಕಪ್ಪ 'ಕಂಡೆಯಾ' ಎನ್ನುವಂತೆ ಮಗಳತ್ತ ಹುಬ್ಬೇರಿಸಿದರು.

ಮಗಳು ನೀರು ತರುವ ನೆಪದಲ್ಲಿ ಅಮ್ಮನನ್ನು ಒಳಗೆ ಕರೆದುಕೊಂಡು ಹೋದಳು. "ಅಮ್ಮ, ನಿಜ ಹೇಳು. ಅಪ್ಪ ಅಷ್ಟು ಚೆನ್ನಾಗಿ ಆಡ್ತಿದ್ರಾ?"

"ನನಗೇನು ಗೊತ್ತೇ? ನಾನು ಮದುವೆಯಾಗಿ ಬರೋ ಹೊತ್ತಿಗೆ ಮಿಲ್ಲೂ ಮುಚ್ಚಿತ್ತು, ಅವರ ಮಂಡೀನೂ ಕೈಕೊಟ್ಟಿತ್ತು." ಅಮ್ಮ ಲೋಟಗಳನ್ನು ತಟ್ಟೆಯಲ್ಲಿ ಜೋಡಿಸುತ್ತ ನಿಂತರು. "ಒಂದ್ಸಲ ಕೇಳಿದ್ದೆ. ನೋಡಿದೋರಿಗೇ ನೆನಪಿಲ್ಲ, ನಿನಗೇನು ಹೇಳಲಿ ಅಂದ್ರು. ಆಮೇಲೆ ನಾನೂ ಕೆದಕಲಿಲ್ಲ."

ಬದುಕಿರುವಾಗ ಒಂದು ದಿನವೂ ಜಂಬ ಕೊಚ್ಚದ ಮನುಷ್ಯನ ಹೆಸರಿನಲ್ಲಿ, ಸತ್ತ ಮರುದಿನ ತಾನು ಜಂಬ ಕೊಚ್ಚಿದ್ದಾಯಿತು. ಅಪ್ಪನಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ಯಾರೂ ಮಾಡಿರಲಿಲ್ಲ ಎನಿಸಿತು.

ಅವಳು ನೀರಿನ ತಟ್ಟೆ ಹಿಡಿದು ಹೊರಗೆ ಬರುವಾಗ ಬಾಗಿಲಲ್ಲಿ ಒಬ್ಬ ಮುದುಕ ನಿಂತಿದ್ದ. ಗಿಡ್ಡ ಆಳು, ಸೊಟ್ಟ ಕಾಲು, ಒಂದು ಕೈಯಲ್ಲಿ ಊರುಗೋಲು. ಇನ್ನೊಂದು ಕೈಯಲ್ಲಿ ಅದೇ ಪತ್ರಿಕೆ.

"ಇದನ್ನ ಬರೆದೋರು ಯಾರು?"

ಚಿಕ್ಕಪ್ಪ ಎದ್ದೇಬಿಟ್ಟರು. "ಹುಡುಗಿ, ಸ್ವಾಮಿ. ದುಃಖದಲ್ಲಿ ಏನೋ ಒಂದು ಬರೆದುಬಿಟ್ಟಿದಾಳೆ, ತಪ್ಪು ತಿಳೀಬೇಡಿ. ತಾವು ಕ್ಯಾಪ್ಟನ್ ಕಡೆಯವರಾ?"

"ಇದರಲ್ಲಿ ಒಂದು ಸುಳ್ಳಿದೆ."

ಮುದ್ರಣಾಲಯದವರು ಕ್ಯಾಲೆಂಡರ್ ಬಿಟ್ಟು ಇತ್ತ ತಿರುಗಿದರು. ಮಗಳು ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. "ಕೊಟ್ಟದ್ದು ನಾನೇ. ಯಾವುದು ಸುಳ್ಳು ಹೇಳಿ," ಎಂದಳು. ಬಂದದ್ದು ಬರಲಿ ಎಂಬಂತಿತ್ತು ಅವಳ ದನಿ.

ಮುದುಕ ಪತ್ರಿಕೆ ಬಿಡಿಸಿ ಬೆರಳಿಟ್ಟ. "ಇದು. ಸೌಮ್ಯ ಸ್ವಭಾವದವರು ಅಂತೆ. ಯಾರು, ಇವನಾ? ಅಂಗಿ ಬಿಚ್ಚಿದ್ರೆ ತೋರಿಸ್ತೀನಿ, ಎಡಗಡೆ ಪಕ್ಕೆಲುಬು ಇವತ್ತಿಗೂ ಸೊಟ್ಟ. ಚೆಂಡು ಹಿಡಿದು ತಿರುಗಿದ ಅಂದ್ರೆ ಮೊಣಕೈ ಸೀದಾ ಇಲ್ಲಿಗೆ. ರೆಫ್ರಿಗೆ ಒಂದು ದಿನ ಕಾಣಲಿಲ್ಲ. ಸೌಮ್ಯವಂತೆ!"

ಮೊದಲು ನಕ್ಕದ್ದು ಅಮ್ಮ. ಬಾಯಿಗೆ ಸೆರಗು ಒತ್ತಿಕೊಂಡರೂ ನಗು ತಡೆಯಲಾಗದೆ ಕುರ್ಚಿಯ ಬೆನ್ನು ಹಿಡಿದುಕೊಂಡರು.

"ಮತ್ತೆ ಆ ಇನ್ನೊಂದು ಸಾಲು?" ಮಗಳು ಕೇಳಿದಳು.

"ಯಾವುದು?"

"ಅತಿ ಹೆಚ್ಚು ಅಂಕದ್ದು."

"ಅದರಲ್ಲೇನಿದೆ? ಅದು ಇದ್ದದ್ದೇ." ಮುದುಕ ಸೂರ್ಯ ಹುಟ್ಟುವ ವಿಷಯ ಕೇಳಿದವನಂತೆ ಅವಳನ್ನು ನೋಡಿದ.

ಚಿಕ್ಕಪ್ಪನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಜೀವಮಾನವಿಡೀ ಕಚೇರಿಯಲ್ಲಿ ಕೂತು ಇನ್ನೊಬ್ಬರ ಅರ್ಜಿಗಳಲ್ಲಿ ಕೊಕ್ಕೆ ಹುಡುಕಿದವರು ಅವರು. "ತಾವು ಮಿಲ್ ತಂಡದವರಾ?"

"ಅಲ್ಲ. ಎದುರಿನವನು. ನೀರು ಸರಬರಾಜಿನ ತಂಡ. ಅಂಟು ಅಂತಿದ್ರು ನನ್ನ. ಇವನಿಗೆ ಅಂಟಿಕೊಂಡು, ಕೈ ಚಾಚಿ ತಡೆಯೋದೇ ನನ್ನ ಕೆಲಸ."

"ಎದುರಿನವರಿಗೆ ಇವರ ಅಂಕ ಹೇಗೆ ಗೊತ್ತು?"

"ಗೊತ್ತಿಲ್ಲದೆ ಏನು? ನಮ್ಮ ತರಬೇತುದಾರರದ್ದು ಒಂದು ಪದ್ಧತಿ. ಪಂದ್ಯ ಮುಗಿದು ವ್ಯಾನ್ ಹತ್ತಿದ ಕೂಡ್ಲೇ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳೋರು, ಇವತ್ತು ಎಷ್ಟು ಬಿಟ್ಟೆ? ಎಷ್ಟು ಹಾಕಿದೆ ಅಂತ ಕೇಳ್ತಿರಲಿಲ್ಲ, ನೆನಪಿಟ್ಕೊಳ್ಳಿ. ನಿನ್ನ ಕಣ್ಮುಂದೆ, ನೀನು ತಡೀಬೇಕಾದೋನು ಎಷ್ಟು ಹಾಕ್ಕೊಂಡು ಹೋದ ಅಂತ. ಎಲ್ಲರೆದುರು ಗಟ್ಟಿಯಾಗಿ ಹೇಳ್ಬೇಕು, ಹೇಳೋವರೆಗೂ ಚಹಾ ಇಲ್ಲ. ಬೇರೆಯವರು ಆರು ಸಾರ್, ಎಂಟು ಸಾರ್ ಅಂದು ಕೂತ್ಕೊಳ್ಳೋರು. ನಾನು ಎದ್ರೆ ವ್ಯಾನ್ ಡ್ರೈವರೂ ಹಿಂದೆ ತಿರುಗಿ ನೋಡೋನು. ಮೂವತ್ತೆರಡು ಸಾರ್. ಮೂವತ್ತಾರು ಸಾರ್. ಒಂದ್ಸಲ ನಲವತ್ತನ್ನೂ ದಾಟಿಸ್ಬಿಟ್ಟ ಪುಣ್ಯಾತ್ಮ. ಮರೆಯೋ ಅಂಥ ಅವಮಾನಾನಾ ಅದು?"

"ಮತ್ತೆ ಕ್ಯಾಪ್ಟನ್?" ಚಿಕ್ಕಪ್ಪನ ದನಿ ಅರ್ಧಕ್ಕೆ ಇಳಿದಿತ್ತು.

"ಒಂದು ವರ್ಷ ಅವನ ಮೇಲೂ ನನ್ನನ್ನೇ ಬಿಟ್ರು. ರಜಾ ಸಿಕ್ಕಿದ ಹಾಗಿತ್ತು. ಊರೂರು ಸುತ್ತಿ ಎಂಥೆಂಥವರಿಗೋ ಅಡ್ಡ ನಿಂತಿದೀನಿ ಸ್ವಾಮಿ. ಇವನಿಗೆ ಬಿಟ್ಟಷ್ಟು ಯಾರಿಗೂ ಬಿಟ್ಟಿಲ್ಲ."

ಮಗಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನಿನ್ನೆಯಿಂದ ಒಂದು ಹನಿ ಬಾರದ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ದುಃಖ ಇರಲಿಲ್ಲವೆಂದಲ್ಲ, ಆದರೆ ಅದರ ಮುಂದೆ ನುಗ್ಗಿ ಬಂದದ್ದು ನಿರಾಳ. ಬುಟ್ಟಿಯ ಮಾತು ಹೇಳಿದ ಆ ಗಳಿಗೆಯಲ್ಲಿ ಅಪ್ಪ ಪೂರ್ತಿ ಅಪ್ಪನೇ ಆಗಿದ್ದರು.

"ಹಾಗಿದ್ರೆ ಯಾರಿಗೂ ಯಾಕೆ ಗೊತ್ತಿಲ್ಲ ಅಜ್ಜ?" ಅವಳು ಮೂಗು ಒರೆಸಿಕೊಂಡು ಕೇಳಿದಳು.

ಅಂಟು ಊರುಗೋಲಿನ ಮೇಲೆ ಗಲ್ಲ ಊರಿದ. "ನೋಡೋಕೆ ಚೆನ್ನಾಗಿರಲಿಲ್ಲಮ್ಮ ನಿಮ್ಮಪ್ಪನ ಆಟ. ಸುಳ್ಳು ಯಾಕೆ ಹೇಳಲಿ."

*

ಮಿಲ್ಲಿನ ಹಿತ್ತಲ ಅಂಗಳದಲ್ಲಿ ಬುಟ್ಟಿಯ ರಿಂಗಿನ ಒಂದು ಬದಿ ಬಗ್ಗಿತ್ತು. ನೇರ ಎಸೆದ ಚೆಂಡನ್ನು ಅದು ಉಗಿಯುತ್ತಿತ್ತು. ದುರಸ್ತಿ ಮಾಡಿಸುತ್ತೇವೆಂದು ಆಡಳಿತದವರು ವರ್ಷಗಟ್ಟಲೆ ಹೇಳುತ್ತಲೇ ಬಂದರು. ಉಳಿದವರು ಬೈದುಕೊಂಡು ಆಡಿದರು. ಮುಂದೆ ಇವಳ ಅಪ್ಪನಾಗಲಿದ್ದ ಹುಡುಗ ಮಾತ್ರ ರಿಂಗಿನ ಸಹವಾಸವೇ ಬಿಟ್ಟು, ಅದರ ಹಿಂದಿನ ಹಲಗೆಗೆ ಹೊಡೆದು ಚೆಂಡು ಇಳಿಸುವುದನ್ನು ಕಲಿತ. ಪಾಳಿ ಮುಗಿದ ಮೇಲೆ ಒಬ್ಬನೇ ನಿಂತು ಹೊಡೆದ. ಮುಂದೆ ಬೇರೆ ಊರುಗಳ ಸರಿಯಾದ ರಿಂಗುಗಳಲ್ಲೂ ಅವನ ಕೈ ಹಲಗೆಯನ್ನೇ ಹುಡುಕಿತು.

ಕ್ಯಾಪ್ಟನ್ ಗಾಳಿಯಲ್ಲಿ ತೇಲಿ ಚೆಂಡು ಹಾಕಿದರೆ ಜನ ಎದ್ದು ನಿಲ್ಲುತ್ತಿದ್ದರು. ಇವನು ನೆಲ ಬಿಡುತ್ತಲೂ ಇರಲಿಲ್ಲ. ಚೆಂಡು ದಡಕ್ಕೆಂದು ಹಲಗೆಗೆ ಬಡಿದು ಒಳಗೆ ಬೀಳುತ್ತಿತ್ತು. "ತಾಗಿ ಬಿತ್ತು" ಎನ್ನುತ್ತಿದ್ದರು ಜನ. ಮತ್ತೆ ಬಡಿಯುತ್ತಿತ್ತು, ಮತ್ತೆ ಬೀಳುತ್ತಿತ್ತು. ಇವತ್ತು ಇವನ ಅದೃಷ್ಟ ನೋಡಯ್ಯ, ಎಂದು ಕಡಲೆಕಾಯಿ ಸಿಪ್ಪೆ ಉದುರಿಸುತ್ತಿದ್ದರು. ಪಂದ್ಯ ಗೆದ್ದಾಗ ಕ್ಯಾಪ್ಟನ್ ಹೆಗಲೇರಿದ, ಪತ್ರಿಕೆಯಲ್ಲಿ ಅವನ ಚಿತ್ರ ಬಂತು, ಕೆಳಗೆ ತಂಡದ ಒಟ್ಟು ಅಂಕ ಬಂತು. ಇವನು ಒದ್ದೆ ಅಂಗಿ ಹಿಂಡುತ್ತ ಬೆಂಚಿನ ತುದಿಯಲ್ಲಿ ಕೂತಿರುತ್ತಿದ್ದ.

ಚಿಕ್ಕಪ್ಪನೂ ಹುಡುಗನಾಗಿದ್ದಾಗ ಒಮ್ಮೆ ಆ ಜನರ ನಡುವೆ ಕೂತು ನೋಡಿದ್ದರು. ಅವರಿಗೆ ನೆನಪಿದ್ದದ್ದು ಕ್ಯಾಪ್ಟನ್ನನ ಜಿಗಿತ ಮಾತ್ರ.

*

"ಅದೃಷ್ಟ ಅಂತಿದ್ರು," ಅಂಟು ಹೇಳುತ್ತಿದ್ದ. "ಅದೃಷ್ಟ ಯಾವ ಕೋನಕ್ಕೆ ಬರುತ್ತೆ ಅಂತ ಗೊತ್ತಿದ್ರೆ ನಾನು ತಡೀತಿರಲಿಲ್ವಾ? ಅವನು ರಿಂಗ್ ಕಡೆ ನೋಡ್ತಾನೇ ಇರಲಿಲ್ಲ. ಎತ್ತಲಿಂದ ಹೊಡೀತಾನೆ ಅಂತ ಕಣ್ಣು ನೋಡಿ ಹಿಡಿಯೋಣ ಅಂದ್ರೆ ಕಣ್ಣೇ ಕೊಡ್ತಿರಲಿಲ್ಲ ಕಳ್ಳ."

"ಆಟ ಬಿಟ್ಟ ಮೇಲೆ ಸಿಕ್ಕಿದ್ರಾ?" ಅಮ್ಮ ಕೇಳಿದರು.

"ಒಂದೇ ಸಲ. ಬ್ಯಾಂಕಿನ ಕ್ಯೂನಲ್ಲಿ. ತಿರುಗಿ ನೋಡಿದ. 'ಈಗಲೂ ನನ್ನ ಹಿಂದೇನೇ ನಿಂತಿದೀಯಲ್ಲೋ' ಅಂದ. ಅಷ್ಟೇ ಮಾತು. ಹೊರಗೆ ಬಂದು ಇಬ್ಬರೂ ಬಿದ್ದು ಬಿದ್ದು ನಕ್ಕಿದ್ವಿ." ಅವನು ಶೈತ್ಯಪೆಟ್ಟಿಗೆಯ ಹತ್ತಿರ ಹೋಗಿ ಗಾಜಿನ ಮೇಲೆ ಅಂಗೈ ಇಟ್ಟ. "ಏನಯ್ಯ, ನೆಮ್ಮದಿಯಾ?" ಎಂದ.

ಆಮೇಲೆ ಮನೆಯ ಗಾಳಿಯೇ ಬೇರೆಯಾಯಿತು. ಬೈಂಡಿಂಗಿನವನು ತಾನಾಗಿ ಮುಂದೆ ಬಂದು ಮಗಳಿಗೆ, "ಅಕ್ಕ, ನಾನು ಬಾಯಿಗೆ ಬಂದದ್ದು ಮಾತಾಡ್ಬಿಟ್ಟೆ," ಅಂದ. ಚಿಕ್ಕಪ್ಪ ದಿಂಬಿನ ಕೆಳಗಿನಿಂದ ಪತ್ರಿಕೆ ಹೊರತೆಗೆದು, ತೊಡೆಯ ಮೇಲಿಟ್ಟು ಮಡಿಕೆಗಳನ್ನು ನೀವಿದರು. ಬಂದವರು ಬಂದಂತೆ, "ಓದಿದಿರಾ? ನಮ್ಮಣ್ಣ," ಎಂದು ಅವರ ಮುಂದೆ ಹಿಡಿದರು. ಓದಿ ಮುಗಿಸುವ ತನಕ ಕೈ ಬಿಡಲಿಲ್ಲ. ಮೊದಲೇ ಓದಿ ಬಂದವರಿಗೂ ಬಿಡುಗಡೆ ಇರಲಿಲ್ಲ.

"ಆ ಸೌಮ್ಯ ಅನ್ನೋದು ಮಾತ್ರ ನಿಮ್ದು," ಎಂದಳು ಮಗಳು.

"ಮನೇಲಿ ಸೌಮ್ಯವಾಗೇ ಇದ್ದ ಕಣೆ," ಎಂದು ಚಿಕ್ಕಪ್ಪ ಗೊಣಗಿದರು.

ಮಧ್ಯಾಹ್ನ ಶವವಾಹನ ಬಂತು. ಓಣಿ ಸಣ್ಣದು, ತಿರುಗಿಸಲು ಜಾಗವಿಲ್ಲ. ಹಿಂದು ಹಿಂದಕ್ಕೆ ಬಂದು ಮುಖ್ಯ ರಸ್ತೆಗೆ ಸೇರಬೇಕು. ಅಲ್ಲಿ ಬಸ್ಸು, ಲಾರಿ, ಮೋಟಾರ್ ಸೈಕಲ್ಲುಗಳು ಒಂದರ ಬಾಲ ಒಂದು ಹಿಡಿದು ಹೋಗುತ್ತಿದ್ದವು. ಒಬ್ಬನೂ ನಿಲ್ಲಿಸಲಿಲ್ಲ. ಚಾಲಕ ಹಾರ್ನ್ ಹೊಡೆದು ಹೊಡೆದು ಸೋತು, ತಲೆ ಹೊರಗೆ ಹಾಕಿ, "ಯಾರಾದ್ರೂ ಮುಂದೆ ಹೋಗಿ ತಡೀರಪ್ಪ," ಎಂದ.

ಮುದ್ರಣಾಲಯದ ಹುಡುಗರು ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ಅಂಟು ಊರುಗೋಲನ್ನು ಮಗಳ ಕೈಗೆ ಕೊಟ್ಟು ರಸ್ತೆಗೆ ಇಳಿದಿದ್ದ. "ಅಜ್ಜ, ಬೇಡ," ಎಂದು ಅವಳು ಕೂಗುವುದರೊಳಗೆ ನಡುಮಧ್ಯ ಮುಟ್ಟಿದ್ದ. ಸೊಟ್ಟ ಕಾಲುಗಳನ್ನು ಅಗಲಿಸಿ, ಮಂಡಿ ಬಗ್ಗಿಸಿ, ಎರಡು ತೋಳನ್ನೂ ಎಷ್ಟಾಗುತ್ತದೋ ಅಷ್ಟು ಚಾಚಿದ. ಒಂದು ಲಾರಿ ಎಡದಿಂದ ನುಸುಳಲು ನೋಡಿತು. ಅವನು ಪಾದ ಎತ್ತದೆ ಎಡಕ್ಕೆ ಸರಿದ. ಬಸ್ಸು ಬಲದಿಂದ ಮೂಗು ತೂರಿಸಿತು. ಬಲಕ್ಕೆ ಸರಿದ. ಬ್ರೇಕುಗಳು ಕಿರುಚಿದವು, ಸಾಲು ನಿಂತಿತು.

ಅವನ ಬೆನ್ನ ಹಿಂದೆ ವಾಹನ ನಿಧಾನವಾಗಿ ರಸ್ತೆಗೆ ಬಂತು, ತಿರುಗಿತು, ಹೊರಟಿತು. ಅಂಟು ಹಿಂದಿರುಗಿ ನೋಡಲಿಲ್ಲ. ತೋಳು ಚಾಚಿಕೊಂಡೇ, ಎದುರಿನ ಲಾರಿಯವನ ಕಣ್ಣನ್ನೇ ದಿಟ್ಟಿಸುತ್ತ ನಿಂತಿದ್ದ.