ಮಗ್ಗ ನಿಂತಿರಲಿಲ್ಲ

ಆ ಮಧ್ಯಾಹ್ನ ಲಾಡಸಾಬನ ವಿಡಿಯೋ ಖೋಲಿಗೆ ನಾನು ಹೋಗಿದ್ದು ಹಿಂದಿ ಹೊಡೆದಾಟದ ಸಿನಿಮಾ ನೋಡಲು. ೧೯೮೫ನೇ ಇಸವಿ. ಅಮಾವಾಸ್ಯೆಗೆ ಇಳಕಲ್ಲಿನ ನಮ್ಮ ಓಣಿಯಲ್ಲಿ ಮಗ್ಗಕ್ಕೆ ರಜೆ, ಗಂಡಸರೆಲ್ಲ ಅಲ್ಲಿಗೇ ಓಡುತ್ತಿದ್ದರು. ಬಾಗಲಕೋಟೆಯಿಂದ ತಂದ ಡಬ್ಬಿಯ ಮೇಲೆ ಬಣ್ಣದ ಹೀರೋ ಇದ್ದ. ಒಳಗಿದ್ದದ್ದು ಬೇರೆಯದೇ ಕ್ಯಾಸೆಟ್ಟು. ಟೀವಿಯಲ್ಲಿ ಕಪ್ಪು-ಬಿಳುಪಿನ ಮಂಜು, ಎತ್ತರದ ಟೊಪ್ಪಿಗೆಯ ಪೊಲೀಸರು, ಬರೀ ಇಂಗ್ಲಿಷು.

“ಲಂಡನ್ನಿಂದು ಖೂನಿ ಪಿಚ್ಚರ್ ಐತ್ರಿ, ಕುಂದರ್ರಿ,” ಎಂದು ಲಾಡಸಾಬ ಅಂಗಲಾಚಿದ. ಅರ್ಧ ಜನ ಬೈಯುತ್ತ ಎದ್ದು ಹೋದರು. ನಾನು ಹಟಕ್ಕೆ ಬಿದ್ದು ಕೂತೆ. ಹಟ ನನ್ನ ಹುಟ್ಟುಗುಣ. ಅದರಿಂದ ಒಳ್ಳೆಯದಾದ ನೆನಪು ನನಗಿಲ್ಲ.

ಭಾಷೆ ತಿಳಿಯದಿದ್ದರೂ ಕಥೆ ತಿಳಿಯಿತು. ಮಾಳಿಗೆಯ ಮೇಲೆ ತೆಳು ಮೀಸೆಯ ಸಾಹೇಬನೊಬ್ಬ ದಿನವಿಡೀ ಟೈಪ್ ಮಾಡುತ್ತಾನೆ. ಕೆಳಗಿನ ಮನೆಯ ಮುದುಕಿಗೆ ಆ ಟಕಟಕ ಸಪ್ಪಳ ರೂಢಿ. ಒಂದು ದಿನ ಅವನು ಕೆಲಸದ ಹುಡುಗಿಯನ್ನು ಯಂತ್ರದ ಮುಂದೆ ಕೂರಿಸಿ, ಹಿಂದಿನ ಮೆಟ್ಟಿಲಿನಿಂದ ಇಳಿದು ಹೋಗಿ, ಹೆಂಡತಿಯನ್ನು ಹೊಳೆಗೆ ನೂಕುತ್ತಾನೆ. ಪೊಲೀಸರು ಬಂದಾಗ ಮುದುಕಿ ಮೇಲಕ್ಕೆ ಬೆರಳು ತೋರಿಸಿ, ಕಿವಿ ಮುಟ್ಟಿಕೊಂಡು, ಗಟ್ಟಿಯಾಗಿ ತಲೆಯಾಡಿಸುತ್ತಾಳೆ.

ಆ ಮುದುಕಿ ನಾನೇ ಆಗಿದ್ದೆ.

ಮೂರು ವರ್ಷದ ಹಿಂದೆ ಪಕ್ಕದ ಮನೆಯ ರಾಮಲಿಂಗಪ್ಪನ ಹೆಂಡತಿ ಶೇಖವ್ವ ಬಟ್ಟೆ ಒಗೆಯಲು ಹೋದವಳು ಊರ ಹೊರಗಿನ ಬಾವಿಯಲ್ಲಿ ಹೆಣವಾಗಿ ಸಿಕ್ಕಿದ್ದಳು. ಅವನು ಅವಳನ್ನು ಹೊಡೆಯುತ್ತಿದ್ದುದು ಓಣಿಗೆಲ್ಲ ಗೊತ್ತಿತ್ತು. ಹುನಗುಂದದಿಂದ ಬಂದ ಪೊಲೀಸ್ ಫೌಜದಾರ ಮೊದಲು ನನ್ನನ್ನು ಕರೆದ, ಯಾಕೆಂದರೆ ರಾಮಲಿಂಗಪ್ಪನ ಮಗ್ಗಕ್ಕೂ ನನ್ನ ಮಗ್ಗಕ್ಕೂ ನಡುವೆ ಒಂದೇ ಗೋಡೆ.

“ಮುಂಜಾನಿಂದ ಸಂಜಿತನಕ ಅಂವನ ಮಗ್ಗ ನಿಂತಿಲ್ರಿ. ಮೂವತ್ತ ವರ್ಷ ನೇದಾಂವ ಅದೇನಿ, ನನ್ನ ಕಿವಿ ತಪ್ಪೂದಿಲ್ಲ,” ಎಂದೆ.

ಜನ ಸೇರಿದ್ದರು, ನನಗೆ ಮಾತಿನ ಹುರುಪು ಬಂದಿತ್ತು. ಖರೆ ಹೇಳಬೇಕೆಂದರೆ ಅವತ್ತು ಮಧ್ಯಾಹ್ನ ಒಂದಷ್ಟು ಹೊತ್ತು ಸಪ್ಪಳ ಹಗುರಾಗಿತ್ತು. ಅದನ್ನು ಫೌಜದಾರನಿಗೆ ಹೇಳಲಿಲ್ಲ. ಹೇಳಿದ್ದರೆ ನನ್ನ ಮಾತಿನ ತೂಕ ಕಡಿಮೆಯಾಗುತ್ತಿತ್ತು. ಕಾಲು ಜಾರಿ ಬಿದ್ದಳು ಎಂದು ಪೊಲೀಸರು ಬರೆದುಕೊಂಡು ಹೋದರು. ತಾಯಿಯಿಲ್ಲದ ನನ್ನ ಮಗಳು ಚಂದ್ರವ್ವನ ತಲೆ ಬಾಚಿ ಹೆರಳು ಹಾಕುತ್ತಿದ್ದವಳು ಆ ಶೇಖವ್ವ. ಅವಳ ಹೆಣದ ಪಕ್ಕ ನಿಂತು ನಾನು ಶಹಬ್ಬಾಸ್ ಅನ್ನಿಸಿಕೊಂಡೆ.

ಸಿನಿಮಾ ಮುಗಿಯುವ ಮೊದಲೇ ಎದ್ದುಬಂದೆ. ಆ ಸಾಹೇಬ ಸಿಕ್ಕಿಬಿದ್ದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ರಾಮಲಿಂಗಪ್ಪನ ಮನೆಯಲ್ಲಿ ಗಂಡ ಹೆಂಡತಿ ಬಿಟ್ಟರೆ ಇನ್ನಾರೂ ಇರಲಿಲ್ಲ. ಹಗಲು ಹೊತ್ತು ಅಲ್ಲಿಗೆ ಹೋಗಿ ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಡುತ್ತಿದ್ದವಳು ಒಬ್ಬಳೇ, ಆಗ ಹದಿಮೂರು ವರ್ಷದ ಚಂದ್ರವ್ವ. ನೇಯುವುದನ್ನು ಅವಳಿಗೆ ಕಲಿಸಿದ್ದು ನಾನೇ.

ನಾನು ಮನೆಗೆ ಬಂದಾಗ ಅವಳು ಜೋಳ ಕೇರುತ್ತಿದ್ದಳು. “ಶೇಖವ್ವ ಸತ್ತ ದಿನ ಅಂವನ ಮಗ್ಗದಾಗ ಯಾರ ಕುಂತಿದ್ರು?” ಎಂದು ನಿಂತಲ್ಲೇ ಕೇಳಿದೆ.

ಮೊರವನ್ನು ಕೆಳಗಿಟ್ಟಳು. “ನಾ ಕುಂತಿದ್ದೆ. ಸಂಜಿಕೆ ಸಾವಕಾರಗ ಸೀರಿ ಮುಟ್ಟಸಬೇಕು, ಮಗ್ಗ ನಿಲ್ಲಸಬ್ಯಾಡ, ಈಗ ಬರ್ತೇನಿ ಅಂತ ಹೋದ. ತಾಸ ಆತು. ಬಂದಾಗ ಧೋತರ ಒದ್ದಿ ಆಗಿತ್ತು.”

“ಯಾಕ ಹೇಳಲಿಲ್ಲ?”

“ಹೇಳಾಕ ಎರಡ ಸಲ ಬಂದೆ. ಗಂಡಸರ ಮಾತಾಡೂವಾಗ ಬರಬ್ಯಾಡ, ಒಳಗ ನಡಿ ಅಂತ ಒದರಿದಿ. ಆಮ್ಯಾಲ ನೀ ಫೌಜದಾರಗ ಹೇಳಿಬಿಟ್ಟಿದ್ದಿ. ನಾ ಬಾಯಿ ಬಿಟ್ರ ನಿನ್ನ ಹಿಡಕೊಂಡ ಹೋಗ್ತಾರಂತ ಅಂಜಿದೆ.”

ಮೂರು ವರ್ಷ ಒಬ್ಬಳೇ ಹೊತ್ತಿದ್ದ ಮಗಳನ್ನು ತಬ್ಬಿಕೊಳ್ಳಬೇಕಿತ್ತು. ನಾನು ಮಾಡಿದ್ದೇನು? “ಈ ಮಾತ ಹೊಸ್ತಲ ದಾಟಬಾರದು,” ಎಂದು ಬೆದರಿಸಿದೆ. ಕೋರ್ಟು ಕಚೇರಿಯ ಮೆಟ್ಟಿಲು ಹತ್ತಿದ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಖರೆ. ಉಳಿದರ್ಧ ನನ್ನ ಮಾನದ ಚಿಂತೆ. ರಾಮಲಿಂಗಪ್ಪ ಎದುರಿಗೆ ಸಿಕ್ಕರೆ ಎಂದಿನಂತೆ ತಂಬಾಕಿನ ಚೀಲ ಚಾಚುತ್ತಿದ್ದ. ನಾಚಿಕೆಗೆಟ್ಟ ನಾನು ತೆಗೆದುಕೊಳ್ಳುತ್ತಿದ್ದೆ.

ಒಂದು ತಿಂಗಳಾದ ಮೇಲೆ ಬಾದಾಮಿ ಹತ್ತಿರದ ಚೊಳಚಗುಡ್ಡದಿಂದ ಈರಪ್ಪ ಎಂಬ ನೇಕಾರ ನಮ್ಮ ಮನೆಗೆ ಬಂದ. ಅವನ ಮಗಳನ್ನು ರಾಮಲಿಂಗಪ್ಪನಿಗೆ ಎರಡನೇ ಸಂಬಂಧ ಕೊಡುವ ಮಾತು ನಡೆದಿತ್ತು. ಹೆಣ್ಣು ಕೊಡುವ ಮೊದಲು ನೆರೆಮನೆಯಲ್ಲಿ ವಿಚಾರಿಸುವುದು ನಮ್ಮ ಕಡೆಯ ಪದ್ಧತಿ. ಚಂದ್ರವ್ವ ಚಹಾ ತಂದಿಟ್ಟು, ನೇಯಲು ಮಗ್ಗದ ಕುಣಿಗೆ ಇಳಿದಳು.

“ಹುಚ್ಚೇಶಪ್ಪಾರ, ಮನಷ್ಯಾ ಹೆಂಗದಾನ್ರಿ?” ಎಂದು ಈರಪ್ಪ ಕೇಳಿದ. “ಮೊದಲಿನಾಕಿ ಬಾವಿಗೆ ಬಿದ್ಲಂತ. ನಮ್ಮ ಹುಡಿಗಿ ಭಾಳ ಮೆತ್ತಗಿನಾಕಿ. ಅವತ್ತ ಸಾಕ್ಷಿ ಹೇಳಿದವರು ನೀವ ಅಂತ ಓಣ್ಯಾಗ ಅಂದ್ರು, ಅದಕ್ಕ ಬಂದೇನ್ರಿ. ನೀವು ಹೂಂ ಅಂದ್ರ ಕೊಡ್ತೇನಿ.”

ಮಗಳ ಕಡೆ ನೋಡದೆ ಹೇಳಿದೆ: “ದುಡಿಯೂ ಮನಷ್ಯಾರಿ. ಅವತ್ತೂ ಮಗ್ಗ ಬಿಟ್ಟ ಎದ್ದಿರಲಿಲ್ಲ.”

ಚಂದ್ರವ್ವ ಕುಣಿಯಿಂದ ಎದ್ದು ಬಂದು ಈರಪ್ಪನ ಎದುರು ನಿಂತಳು. “ಕೊಡಬ್ಯಾಡ್ರಿ. ಅವತ್ತ ಮಗ್ಗದಾಗ ಅಂವ ಇರಲಿಲ್ಲ, ನಾ ಇದ್ದೆ. ಅಂವ ಬಾವಿ ಕಡೆ ಹೋಗಿದ್ದ.”

ಈರಪ್ಪ ಇಬ್ಬರನ್ನೂ ಸರದಿಯಂತೆ ನೋಡಿದ. “ಯಾರ ಮಾತ ಖರೆ ರಿ?”

ನಾನು ಇನ್ನೊಂದು ಸುಳ್ಳು ಹೇಳಿದ್ದರೆ ಮಗಳನ್ನು ತಲೆಕೆಟ್ಟವಳೆಂದು ಅವನು ನಂಬುತ್ತಿದ್ದ. ಅಷ್ಟು ಸುಲಭವಿತ್ತು.

“ಆಕಿ ಮಾತ ಖರೆ ರಿ,” ಎಂದೆ. “ನಾ ಸುಳ್ಳ ಹೇಳಿದೆ.”

ಈರಪ್ಪ ಚಹಾ ಮುಟ್ಟದೆ ಎದ್ದ. ಬೈಯುತ್ತಾನೆ ಎಂದುಕೊಂಡೆ, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಚಪ್ಪಲಿ ಮೆಟ್ಟಿಕೊಳ್ಳುತ್ತ ಮೆಲ್ಲಗೆ ಕೇಳಿದ: “ಈಕಿ ಬಾಯಿ ಬಿಡದಿದ್ರ ನನ್ನ ಮಗಳನ್ನ ಅಂವನ ಮನಿಗೆ ಕಳಸ್ತಿದ್ರಿ, ಹೌದಲ್ರಿ?”

ಚಂದ್ರವ್ವ ನನ್ನನ್ನೇ ನೋಡುತ್ತಿದ್ದಳು.

“ಹೌದ್ರಿ,” ಎಂದೆ.