ಮಾತು ಕಟ್

"ಅದು ಕಂಬಿ ಕಣೇ ಮುಂಡೆ, ನಿನ್ನ ಅತ್ತಿಗೆ ಅಲ್ಲ! ಕಬ್ಬಿಣದ ಜೊತೆ ಸಂಸಾರ ಹೂಡಿದೀಯೇನೇ?"

ಸೂಪರ್‌ವೈಸರನ ಕೂಗು ಹಬೆಯನ್ನು ಸೀಳಿಕೊಂಡು ಬಂದಾಗ ಮಡಿಸುವ ಸಾಲಿನ ಹೆಂಗಸರೆಲ್ಲ ತಲೆ ತಗ್ಗಿಸಿದರು. ಕೈಗಳು ಮಾತ್ರ ನಿಲ್ಲಲಿಲ್ಲ. ಕೊರಳಲ್ಲಿ ಸದಾ ತೂಗುವ ಸಿಳ್ಳೆಯ ದೆಸೆಯಿಂದ ಅವನಿಗೆ ಸಿಳ್ಳೆಪ್ಪನೆಂಬ ಹೆಸರು ಬಿದ್ದಿತ್ತು. ಅವನು ಬೈಯುತ್ತಿದ್ದುದು ಕಿಟಕಿಯ ಬಳಿ ಒಬ್ಬಳೇ ನಿಂತಿದ್ದ ಹುಡುಗಿಯನ್ನು. ಆಸ್ಪತ್ರೆಯ ದೊಡ್ಡ ಚಾದರವೊಂದರ ತುದಿಯನ್ನು ಆಕೆ ಕಿಟಕಿಯ ಕಂಬಿಗೆ ಗಂಟು ಹಾಕಿದ್ದಳು. ಇನ್ನೊಂದು ತುದಿಯನ್ನು ತಾನು ಹಿಡಿದು, ಕಂಬಿಯ ಕಡೆಗೆ ನೋಡುತ್ತ, ತಗ್ಗಿದ ದನಿಯಲ್ಲಿ ಹೇಳುತ್ತಿದ್ದಳು:

"ಬಿಗಿಯಾಗಿ ಹಿಡ್ಕೋ ಅತ್ತಿಗೆ. ಹಾಂ, ಈಗ ಒಳಗೆ ಮಡಚು."

ನಿಜವಾದ ಅತ್ತಿಗೆ ಹದಿನೈದು ಹೆಜ್ಜೆಯಾಚೆ ಬೇರೊಬ್ಬಳ ಜೋಡಿಯಾಗಿ ನಿಂತು ಬೇರೊಂದು ಚಾದರವನ್ನು ಮಡಿಸುತ್ತಿದ್ದಳು. ತನ್ನ ಹೆಸರು ಹಿಡಿದು ಕರೆದದ್ದಾಗಿದ್ದರೆ ಕೇಳಿಸದವಳಂತೆ ಇದ್ದುಬಿಡಬಹುದಿತ್ತು. ಸಂಬಂಧ ಹಿಡಿದು ಕರೆದದ್ದನ್ನು ಕೇಳದಿರಲಾಗಲಿಲ್ಲ. ಆದರೂ ತಲೆ ಎತ್ತಲಿಲ್ಲ.

"ನೋಡ್ರೇ, ನಿಮ್ಮ ರೇಡಿಯೋ ಕೆಟ್ಟು ಕೂತಿದೆ," ಎಂದು ಸಿಳ್ಳೆಪ್ಪ ನಕ್ಕ. "ಒಂದೇ ಸ್ಟೇಷನ್ ಹಿಡೀತಾ ಇದೆ!"

ನಗದಿದ್ದರೆ ಏನಾದೀತೆಂದು ಬಲ್ಲ ಇಬ್ಬರು ಮೂವರು ನಕ್ಕರು.

ಆ ಲಾಂಡ್ರಿಗೆ ಆಸ್ಪತ್ರೆಗಳ, ಹಾಸ್ಟೆಲುಗಳ ಚಾದರಗಳು ಲಾರಿಗಟ್ಟಲೆ ಬರುತ್ತಿದ್ದವು. ಒಗೆಯುವುದು ಯಂತ್ರ, ಇಸ್ತ್ರಿ ಮಾಡುವುದು ಕಾದ ರೋಲರು; ಮಡಿಸುವುದು ಮಾತ್ರ ಮನುಷ್ಯರ ಕೈ. ಅದು ಒಬ್ಬರಿಂದಾಗುವ ಕೆಲಸವಲ್ಲ. ಇಬ್ಬರು ಎದುರುಬದುರಾಗಿ ನಿಂತು, ತುದಿಗಳನ್ನು ಹಿಡಿದು ಝಾಡಿಸಿ, ನಾಲ್ಕು ಹೆಜ್ಜೆ ಮುಂದೆ ಬಂದು ಕೈಗೆ ಕೈ ಕೂಡಿಸಿ, ಮತ್ತೆ ಹಿಂದೆ ಸರಿಯಬೇಕು. ಬೆಳಗಿನಿಂದ ಸಂಜೆಯವರೆಗೆ ಹೀಗೆ ಆರುನೂರು ಸಲ ಕೈಗಳು ಕೂಡಿ ಅಗಲುವಷ್ಟರಲ್ಲಿ ಲೋಕದ ಸುದ್ದಿಯೆಲ್ಲ ಮುಗಿದು ಹೋಗುತ್ತಿತ್ತು. ಕಿಟಕಿಯ ಬಳಿಯ ಆ ಹುಡುಗಿ, ನಾದಿನಿ, ಕೆಲಸಕ್ಕೆ ಸೇರಿದ ದಿನವೇ ಅತ್ತಿಗೆಗೆ ಜೋಡಿಯಾದಳು. ಬಾಯಿಗೆ ಬಿಡುವೆಂಬುದೇ ಇರಲಿಲ್ಲ. ಸಿಳ್ಳೆಪ್ಪನ ನಡಿಗೆ, ಮ್ಯಾನೇಜರನ ಕೆಮ್ಮು, ಅಣ್ಣನ ಗೊರಕೆ, ಯಾವುದನ್ನೂ ಬಿಡದೆ ಅಣಕಿಸಿ ಸಾಲನ್ನೆಲ್ಲ ನಗಿಸುತ್ತಿದ್ದಳು. ರೇಡಿಯೋ ಎಂಬ ಹೆಸರು ಬಂದದ್ದು ಹಾಗೆ.

ಎರಡು ತಿಂಗಳ ಹಿಂದೆ ಆಸ್ಪತ್ರೆಯ ಕಡೆಯವರು ಲಾಂಡ್ರಿ ನೋಡಲು ಬಂದಿದ್ದರು. ಅವರಲ್ಲೊಬ್ಬರು ಹಣೆ ಒರೆಸಿಕೊಳ್ಳುತ್ತ, "ಇಷ್ಟು ಸೆಕೆಯಲ್ಲಿ ಹೇಗಮ್ಮ ಕೆಲಸ ಮಾಡ್ತೀರಿ?" ಎಂದು ಸುಮ್ಮನೆ ಕೇಳಿದರು. ಸಾಲಿನ ಉಳಿದ ಹೆಂಗಸರು ಹಲ್ಲು ಕಿರಿದರು. ನಾದಿನಿ ಉತ್ತರ ಕೊಟ್ಟಳು:

"ಕಿಟಕಿಗೆ ಮೊಳೆ ಹೊಡೆದವ್ರೆ ಸಾರ್. ಗಾಳಿ ಕುಡಿಯೋಕೆ ಅಲ್ಲೇ ನಿಂತುಬಿಡ್ತೀವಿ ಅಂತ. ಬೇಕಾದ್ರೆ ತೆಗೆದು ನೋಡಿ."

ಅವರು ತೆಗೆಯಲು ನೋಡಿದರು. ಬರಲಿಲ್ಲ.

ಮರುದಿನ ಬೆಳಗ್ಗೆ ಸಿಳ್ಳೆಪ್ಪ ಸಿಳ್ಳೆ ಊದಿ ಸಾರಿದ: "ಇವಳಿಗೆ ಮಾತು ಕಟ್!"

ಅದು ಎಲ್ಲಿಯೂ ಬರೆದಿಟ್ಟ ನಿಯಮವಲ್ಲ. ಆದರೆ ಬರೆದಿಟ್ಟ ಯಾವ ನಿಯಮವೂ ಅಷ್ಟು ನಿಷ್ಠೆಯಿಂದ ನಡೆಯುತ್ತಿರಲಿಲ್ಲ. ಮಾತು ಕಟ್ ಆದವಳಿಗೆ ಜೋಡಿಯಿಲ್ಲ. ಅವಳೊಡನೆ ಯಾರೂ ಮಾತಾಡುವಂತಿಲ್ಲ, ನಗುವಂತಿಲ್ಲ, ಅವಳು ಮಾತಾಡಿಸಿದರೆ ಓಗೊಡುವಂತಿಲ್ಲ. ಅವಳ ಊಟದ ಜಾಗ ಚರಂಡಿಯ ಪಕ್ಕ. ಮಾತಾಡಿದವಳಿಗೂ ಅದೇ ಗತಿ. ಒಂದು ಜೋಡಿ ದಿನಕ್ಕೆ ಮಡಿಸುವಷ್ಟನ್ನು ಒಬ್ಬಳೇ ಮಡಿಸಿ ತೋರಿಸಿದ ದಿನ ಬಿಡುಗಡೆ. ಅದು ಆಗುವ ಮಾತಲ್ಲವಾದುದರಿಂದ ಶಿಕ್ಷೆ ತನ್ನ ಆಯುಷ್ಯವನ್ನು ತಾನೇ ಬೆಳೆಸಿಕೊಳ್ಳುತ್ತಿತ್ತು.

ಮೊದಲ ವಾರ ನಾದಿನಿ ಗಟ್ಟಿಯಾಗಿ ತಮಾಷೆ ಮಾಡಿದಳು. "ಏನ್ರೇ, ಎಲ್ಲರೂ ಒಟ್ಟಿಗೇ ಸತ್ತೋದ್ರಾ?" ಎಂದಳು. ಎರಡನೆಯ ವಾರ ಗುನುಗಿದಳು. ಆಮೇಲೆ ತುದಿ ಹಿಡಿಯಲು ಜನವಿಲ್ಲದೆ ಕಂಬಿಗೆ ಗಂಟು ಹಾಕುವ ಉಪಾಯ ಹೂಡಿದಳು. ಕಂಬಿಯನ್ನು ಮಾತಾಡಿಸಲು ಯಾವಾಗ ಶುರುಮಾಡಿದಳೋ, ಯಾರೂ ಗಮನಿಸಲಿಲ್ಲ; ಗಮನಿಸುವುದೂ ತಪ್ಪಾಗಿತ್ತಲ್ಲ.

ಮನೆಯಲ್ಲಾದರೂ ಮಾತಾಡಬಹುದಿತ್ತು. ಆದರೆ ಇದ್ದದ್ದು ಒಂದೇ ಕೋಣೆ. ನಡುಗೋಡೆಯಾಚೆ ರೋಲರಿನವಳ ಬಿಡಾರ. ಆಕೆ ಸಿಳ್ಳೆಪ್ಪನಿಗೆ ಸುದ್ದಿ ಮುಟ್ಟಿಸುವವಳು. "ಮೆಲ್ಲಗೆ ಕಣೇ, ಆ ಕಡೆ ಕೇಳಿಸುತ್ತೆ," ಎಂದು ಅತ್ತಿಗೆ ಮೊದಲು ದನಿ ತಗ್ಗಿಸಿದಳು. ಆಮೇಲೆ ಕೈಸನ್ನೆಗೆ ಇಳಿದಳು. ಆಮೇಲೆ ತಟ್ಟೆ ಇಟ್ಟ ಸದ್ದೇ ಊಟಕ್ಕೆ ಕರೆದ ಮಾತಾಯಿತು.

"ಏನ್ರೇ, ಇಬ್ರೂ ಮುಖ ಊದಿಸ್ಕೊಂಡಿದೀರಾ?" ಎಂದು ಗಂಡ ಕೇಳಿದ.

"ಏನಿಲ್ಲ, ಸುಸ್ತು," ಎಂದಳು ಅತ್ತಿಗೆ.

ನಡುವೆ ರೋಲರಿನವಳು ನಂಟರ ಮನೆಗೆಂದು ನಾಲ್ಕು ದಿನ ಹೋದಳು. ಗೋಡೆಯಾಚೆ ಯಾರೂ ಇಲ್ಲವೆಂದು ಅತ್ತಿಗೆಗೆ ತಿಳಿದಿತ್ತು. ಆ ನಾಲ್ಕು ದಿನವೂ ಅವಳ ನಾಲಿಗೆ ಏಳಲಿಲ್ಲ. ಮೂರನೆಯ ದಿನ ನಾದಿನಿ ಎದುರಿಗೆ ಬಂದು ಕುಳಿತು ಬಹಳ ಹೊತ್ತು ಅವಳ ಬಾಯನ್ನೇ ನೋಡಿದಳು. ಬಳಿಕ ಎದ್ದು ಗೋಡೆಯ ಕಡೆ ತಿರುಗಿ ಮಲಗಿದಳು.

ಕಂಬಿಯ ಪ್ರಸಂಗವಾದ ಮರುದಿನದಿಂದ ನಾದಿನಿ ಕಂಬಿಯೊಡನೆಯೂ ಮಾತು ಬಿಟ್ಟಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸತೊಡಗಿದಳು. ಮ್ಯಾನೇಜರ್ ಮನಸ್ಸಿನ ಡಾಕ್ಟರಮ್ಮನೊಬ್ಬಳನ್ನು ಕರೆಸಿದ. ಆಕೆ ವಯಸ್ಸಿನಲ್ಲಿ ಚಿಕ್ಕವಳು, ಮೆದು ಮಾತಿನವಳು. ಸಾಲಿನವರನ್ನೆಲ್ಲ ನಿಲ್ಲಿಸಿ ಮೂಗಿನಿಂದ ಉಸಿರೆಳೆದು ಬಾಯಿಂದ ಬಿಡುವುದನ್ನು ಕಲಿಸಿದಳು.

"ಎಳೆಯೋದಕ್ಕೆ ಗಾಳಿ ಎಲ್ಲಮ್ಮಾ?" ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು.

ಆಮೇಲೆ ಅತ್ತಿಗೆಯನ್ನು ಮ್ಯಾನೇಜರನ ಕೋಣೆಗೆ ಕರೆದರು. ಅಲ್ಲಿ ಫ್ಯಾನು ತಿರುಗುತ್ತಿತ್ತು. ಮೂಲೆಯ ಸ್ಟೂಲಿನ ಮೇಲೆ ನಾದಿನಿ, ಬಾಗಿಲಲ್ಲಿ ಸಿಳ್ಳೆಪ್ಪ. ಮ್ಯಾನೇಜರ್ ಕಾಗದವೊಂದನ್ನು ಮುಂದೆ ತಳ್ಳಿದ.

"ಮನೆಯವರ ರುಜು ಬೇಕಮ್ಮ. ಇಲ್ಲಿ ಹಾಕು."

"ಏನು ಬರೆದಿದೆ?"

ಡಾಕ್ಟರಮ್ಮ ಓದಿದಳು: "ಈಕೆಯ ಮನೋವ್ಯಾಧಿಯು ಕೆಲಸಕ್ಕೆ ಸೇರುವ ಮೊದಲಿನಿಂದಲೂ ಇದ್ದು, ಮನೆಯ ಪರಿಸ್ಥಿತಿಯಿಂದ ಉಲ್ಬಣಿಸಿರುತ್ತದೆ."

"ರುಜು ಹಾಕಿದ್ರೆ?"

"ಅವಳಿಗೆ ವಿಶ್ರಾಂತಿ," ಎಂದ ಮ್ಯಾನೇಜರ್. "ನಿನಗೆ ನಿನ್ನ ಕೆಲಸ, ನಿನ್ನ ಜೋಡಿ. ಯಾರಿಗೂ ತೊಂದರೆಯಿಲ್ಲ."

ಆ ಕಾಗದ ಹಿಡಿದು ಹೋದವಳಿಗೆ ಇನ್ನಾವ ಲಾಂಡ್ರಿಯೂ ಬಾಗಿಲು ತೆರೆಯುವುದಿಲ್ಲ. ಹುಚ್ಚಿ ಎಂಬ ಬಿರುದು ಮನೆಬಾಗಿಲಿಗೆ ಅಂಟಿಬಿಡುತ್ತದೆ. ರುಜು ಹಾಕದಿದ್ದರೆ ತಾನೂ ಕಿಟಕಿಯ ಪಾಲು. ಅತ್ತಿಗೆ ಪೆನ್ನನ್ನು ಕೈಗೆತ್ತಿಕೊಂಡಳು.

"ನಿಮ್ಮ ನಾದಿನಿ ನಿಮ್ಮ ಜೊತೆ ಮಾತು ಬಿಟ್ಟು ಎಷ್ಟು ದಿನ ಆಯ್ತು?" ಎಂದು ಡಾಕ್ಟರಮ್ಮ ಕೇಳಿದಳು.

"ಅವಳು ಬಿಡಲಿಲ್ಲ ಡಾಕ್ಟರಮ್ಮಾ. ನಾನು ಬಿಟ್ಟೆ." ದನಿ ಅತ್ತಿಗೆಗೇ ಅಪರಿಚಿತವೆನಿಸಿತು. "ನಾವೆಲ್ಲ ಬಿಟ್ವಿ. ಇಲ್ಲಿ ಮಾತು ಕಟ್ ಅಂತ ಒಂದು ಐತೆ. ನಿಮಗೆ ಯಾರೂ ಹೇಳ್ಲಿಲ್ವಾ?"

ಡಾಕ್ಟರಮ್ಮ ಮ್ಯಾನೇಜರನ ಮುಖ ನೋಡಿದಳು. ಅವನು ಮೆಲ್ಲನೆ ನಕ್ಕ.

"ಶಿಸ್ತು ಅಷ್ಟೇ. ಮೌನ ಅಂದ್ರೆ ತಪಸ್ಸು ಕಣಮ್ಮ. ಋಷಿಗಳು ವರ್ಷಗಟ್ಟಲೆ ಮೌನದಲ್ಲಿರ್ತಿದ್ರು. ಅವರಿಗೇನಾದ್ರೂ ಹುಚ್ಚು ಹಿಡೀತಾ?"

"ಋಷಿಗಳಿಗೆ ಯಾರೂ ದಿನಕ್ಕೆ ಆರುನೂರು ಚಾದರ ಕೊಟ್ಟಿರ್ಲಿಲ್ಲ ಸ್ವಾಮಿ. ಬೇಡ ಅನ್ನಿಸಿದಾಗ ಎದ್ದು ಬಂದು ಮಾತಾಡೋರು."

"ಏಯ್, ನಾಲಿಗೆ ಉದ್ದ ಆಯ್ತಾ?" ಸಿಳ್ಳೆಪ್ಪ ಬಾಗಿಲಿನಿಂದ ಒಳನುಗ್ಗಿದ. "ರುಜು ಹಾಕೇ ಬೋಸುಡಿ!"

"ಬರ್ಕೊಳ್ಳಿ ಡಾಕ್ಟರಮ್ಮಾ. ಈ ಹುಡುಗಿ ಬರುವಾಗ ಚೆನ್ನಾಗಿದ್ಲು. ಇವರು ಬಾಯಿಗೆ ಬೀಗ ಹಾಕ್ಸಿದ್ರು, ನಾನು ಮನೇಲಿ ಆ ಬೀಗ ಕಾದೆ. ಅಂತ ಬರೀರಿ, ಅದಕ್ಕೆ ರುಜು ಹಾಕ್ತೀನಿ. ಬೇಕಾದ್ರೆ ಹೆಬ್ಬೆಟ್ಟೂ ಒತ್ತುತೀನಿ."

ಡಾಕ್ಟರಮ್ಮ ಪೆನ್ನಿಗಾಗಿ ಕೈ ಚಾಚಿ, ಅರ್ಧದಲ್ಲೇ ತಡೆದು, "ಈ ನಮೂನೆಯಲ್ಲಿ ಅದಕ್ಕೆ ಕಾಲಂ ಇಲ್ಲ," ಎಂದಳು. ಹೇಳುವಾಗ ಅವಳ ಕಿವಿಗಳು ಕೆಂಪಾಗಿದ್ದವು.

ಅತ್ತಿಗೆ ಕಾಗದವನ್ನು ನಾಲ್ಕಾಗಿ ಹರಿದು, ಅಭ್ಯಾಸಬಲದಿಂದ ಚೂರುಗಳ ಅಂಚು ಕೂಡಿಸಿ ಮೇಜಿನ ಮೇಲಿಟ್ಟಳು.

ಸಿಳ್ಳೆ ಕೂಗಿತು. "ಇವಳಿಗೂ ಮಾತು ಕಟ್!" ಎಂಬುದು ಸಾಲಿನ ಉದ್ದಕ್ಕೂ ಹರಿಯಿತು. ನಾದಿನಿಯ ಕಿಟಕಿಯ ಪಕ್ಕದ ಕಿಟಕಿಯನ್ನು ಅತ್ತಿಗೆಗೆ ಕೊಟ್ಟರು. ಉಳಿದವರು ಕಣ್ಣು ಬೇರೆಡೆಗೆ ತಿರುಗಿಸಿದರು. ಅತ್ತಿಗೆ ಚಾದರವನ್ನು ಕೆಳಗೆ ಹಾಕಿ, ಸೊಂಟಕ್ಕೆ ಕೈಯಿಟ್ಟು ನಾದಿನಿಯ ಕಡೆ ತಿರುಗಿದಳು.

"ಏನೇ, ನಿಮ್ಮಣ್ಣ ನೆನ್ನೆ ನಿದ್ದೇಲಿ ಏನಂದ ಗೊತ್ತಾ?"

"ಬಾಯ್ಮುಚ್ಚೇ!" ಎಂದು ಸಿಳ್ಳೆಪ್ಪ ಅರಚಿದ. "ಮಾತು ಕಟ್ ಅಂದೆ!"

"ಆಗ್ಲೇ ಕಟ್ ಮಾಡಿದೀಯಲ್ಲೋ ಹಲ್ಕಟ್ ನನ್ ಮಗನೇ, ಇನ್ನೇನು ಕಟ್ ಮಾಡ್ತೀಯಾ? ನಂಗೂ ಕಟ್, ಅವಳಿಗೂ ಕಟ್. ನಾವಿಬ್ರೂ ಮಾತಾಡ್ಕೋತೀವಿ, ನಿಂಗೇನು?"

ಸಾಲಿನಲ್ಲಿ ಒಂದು ಜೋಡಿಯ ಕೈ ನಿಂತಿತು. ಸಿಳ್ಳೆಪ್ಪ ಸಿಳ್ಳೆಯನ್ನು ಬಾಯಿಗಿಟ್ಟುಕೊಂಡವನು ಊದಲಿಲ್ಲ. ಮ್ಯಾನೇಜರನ ಕೋಣೆಯ ಕಡೆ ಓಡಿದ.

ಅತ್ತಿಗೆ ಮಾತಾಡಿದಳು. ನಲ್ಲಿಯ ನೀರು, ಹರಿದ ಚಪ್ಪಲಿ, ಪಕ್ಕದ ಮನೆಯ ಬೆಕ್ಕು, ತಾನು ಕೂಡಿಟ್ಟು ಬಾಯಿಬಿಡದಿದ್ದ ಐವತ್ತು ಅರವತ್ತು ದಿನಗಳ ಸುದ್ದಿ, ಒಂದರ ಮೇಲೊಂದು. ನಾದಿನಿಯ ಮುಖದಲ್ಲಿ ಮೊದಲು ಏನೂ ಕಾಣಲಿಲ್ಲ. ಬಳಿಕ ಭಯ ಕಾಣಿಸಿತು. ಚಾದರ ಬಿಟ್ಟು ಹತ್ತಿರ ಬಂದಳು. ಚಾದರ ಎಳೆದೆಳೆದು ಬಿರಿದ ಅಂಗೈಯನ್ನು ಅತ್ತಿಗೆಯ ಬಾಯಿಯ ಮೇಲೆ ಬಿಗಿಯಾಗಿ ಒತ್ತಿ ಹಿಡಿದು, ಬೇಡ, ಬೇಡ ಎಂದು ತಲೆಯಾಡಿಸಿದಳು.

ಅತ್ತಿಗೆ ಆ ಕೈಯನ್ನು ತೆಗೆಯಲಿಲ್ಲ. ಅದರೊಳಕ್ಕೇ ಮಾತಾಡುತ್ತ ಹೋದಳು.