ಅಕ್ಕನಿಗೆ ಮಾತ್ರ ಕೇಳಿಸಿದ ಸದ್ದು

ಊರಿನ ಪಿಯಾನೊಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಅವಳ ಕೈಯಲ್ಲೇ ಶ್ರುತಿಗೆ ಬರುತ್ತಿದ್ದವು. ಶಾಲೆಯವರು, ಹೋಟೆಲಿನವರು, ದೊಡ್ಡ ಸಭಾಂಗಣದವರು, ಎಲ್ಲರಿಗೂ ಅವಳು ಪಿಯಾನೊ ಅಕ್ಕ. ಇಪ್ಪತ್ತೆಂಟು ವರ್ಷ ಅವಳ ಸಂಸಾರ ಸಾಗಿದ್ದು ಒಂದು ಶ್ರುತಿಕೀಲಿ, ತಂತಿಗಳ ನಡುವೆ ಸಿಕ್ಕಿಸುವ ಒಂದಷ್ಟು ಉಣ್ಣೆಯ ಪಟ್ಟಿ ಮತ್ತು ಎರಡು ಕಿವಿಗಳಿಂದ. ಕೀಲಿ ಕಳೆದರೆ ಇನ್ನೊಂದು ತರಬಹುದು. ಕಿವಿ ಕೈಕೊಟ್ಟರೆ ಯಾವ ಅಂಗಡಿಗೆ ಹೋಗುವುದು?

ಭಾನುವಾರ ಬೆಳಗ್ಗೆ ಗಂಡ ಹೆಂಡತಿ ಇಬ್ಬರೂ ಸೋಫಾದಲ್ಲಿ ಕೂತು ರೆಕಾರ್ಡ್ ಹಾಕಿಕೊಂಡು ಕೇಳುವುದು ಮದುವೆಯಾದಾಗಿನಿಂದ ಬಂದ ಅಭ್ಯಾಸ. ಹಾಗೆ ಕೂತಿದ್ದಾಗಲೇ, ಪಿಯಾನೊ ನಿಧಾನವಾಗಿ ತಗ್ಗಿ ಒಂದೇ ಸ್ವರ ಉಳಿಯುವ ಜಾಗದಲ್ಲಿ, ಅವಳಿಗೆ ಝಿರ್ರೆನ್ನುವ ಸಣ್ಣ ಸದ್ದು ಕೇಳಿಸಿತು. ಗಾಜಿನ ಡಬ್ಬಿಯೊಳಗೆ ನೊಣ ಸಿಕ್ಕಿಕೊಂಡ ಹಾಗೆ.

"ರೀ, ಏನದು ಸದ್ದು?"

"ಯಾವ ಸದ್ದೇ?"

"ಝಿರ್ ಅಂತಿದೆಯಲ್ಲ."

ಅವನು ತಲೆ ಓರೆ ಮಾಡಿ ಆಲಿಸಿದ. "ಏನೂ ಇಲ್ಲ ಕಣೇ. ಚೆನ್ನಾಗೇ ಬರ್ತಿದೆ."

ಮರುವಾರವೂ ಅದೇ. ಅದರ ಮರುವಾರವೂ. ಕೊನೆಗೆ ಅವಳು ಆಂಪ್ಲಿಫೈಯರನ್ನೇ ಬಟ್ಟೆಯಲ್ಲಿ ಸುತ್ತಿ, ಬಸ್ಸು ಹತ್ತಿ, ತಮ್ಮನ ರಿಪೇರಿ ಅಂಗಡಿಗೆ ಒಯ್ದಳು. ತಮ್ಮ ಅದನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಜೋಡಿಸಿದ. ಇಬ್ಬರೂ ಉಸಿರು ಬಿಗಿಹಿಡಿದು ಕೇಳಿದರು. ಸದ್ದಿನ ಸುಳಿವೇ ಇಲ್ಲ. "ಕಲ್ಲುಗುಂಡಿನ ಹಾಗಿದೆ ಅಕ್ಕ," ಎಂದು ತಮ್ಮ ಮುಚ್ಚಳ ಬಿಗಿದುಕೊಟ್ಟ. ಮನೆಗೆ ತಂದು ಹಾಕಿದಳು. ಝಿರ್ರ್.

ಯಂತ್ರದಲ್ಲಿ ದೋಷವಿಲ್ಲ, ಪಕ್ಕದಲ್ಲಿ ಕೂತ ಗಂಡನಿಗೆ ಕೇಳಿಸುವುದಿಲ್ಲ. ಇನ್ನು ಉಳಿದದ್ದು ತನ್ನ ಕಿವಿ ತಾನೆ? ವಯಸ್ಸಾದವರ ಕಿವಿಯಲ್ಲಿ ಹಗಲೂ ರಾತ್ರಿ ಜೀರುಂಡೆ ಕೂಗುವುದನ್ನು ಅವಳು ಕೇಳಿ ಬಲ್ಲಳು. ಅವಳಿಗೆ ಕಲಿಸಿದ ಗುರುವೇ ಅದೇ ಕಾರಣಕ್ಕೆ ಕೀಲಿ ಕೆಳಗಿಟ್ಟಿದ್ದರು. ಕಿವಿಯ ಡಾಕ್ಟರ ಬಾಗಿಲವರೆಗೆ ಒಂದು ದಿನ ಹೋದಳು. ಅವರು ಹೌದು ಅಂದುಬಿಟ್ಟರೆ ಎಂಬ ಭಯಕ್ಕೆ ಹಾಗೇ ವಾಪಸು ಬಂದಳು.

ಆಮೇಲೆ ಕೆಲಸದಲ್ಲೂ ಅನುಮಾನ ಹೊಕ್ಕಿತು. ಶಾಲೆಯ ಪಿಯಾನೊ ಒಂದಕ್ಕೆ ಮೂರು ಸಲ ಶ್ರುತಿ ಮಾಡಿ, ಮೂರು ಸಲವೂ ತಪ್ಪೆನಿಸಿ, ಬೆವರು ಒರೆಸಿಕೊಳ್ಳುತ್ತ ಹೊರಬಂದಳು. ಸಭಾಂಗಣದ ಮ್ಯಾನೇಜರು ಫೋನ್ ಮಾಡಿ ಮುಂದಿನ ತಿಂಗಳ ಕಛೇರಿಗೆ ಪಿಯಾನೊ ಸಿದ್ಧಮಾಡಿಕೊಡಬೇಕೆಂದಾಗ, "ಬೇರೆ ಯಾರನ್ನಾದರೂ ನೋಡಿಕೊಳ್ಳಿ," ಎಂದುಬಿಟ್ಟಳು. ಗಂಡನಿಗೆ ಹೇಳಲಿಲ್ಲ. ಆದರೆ ಒಂದೇ ಮನೆಯಲ್ಲಿ ಮುಚ್ಚಿಟ್ಟದ್ದು ಎಷ್ಟು ದಿನ ಉಳಿದೀತು? ಮ್ಯಾನೇಜರು ಮತ್ತೆ ಫೋನ್ ಮಾಡಿದಾಗ ಎತ್ತಿದ್ದು ಗಂಡ. ಅವನು ಗಾಬರಿಯಾಗಿ ಭಾವಮೈದುನನಿಗೆ ವಿಷಯ ತಿಳಿಸಿದ.

ಆ ಭಾನುವಾರ ತಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ಹೆಗಲ ಮೇಲೆ ಕಬ್ಬಿಣದ ಪೆಟ್ಟಿಗೆ.

"ಏನೋ ಇದು, ಸೊಂಟ ಮುರ್ಕೋತೀಯ!"

"ಮುರಿದ್ರೆ ಮುರೀಲಿ ಅಕ್ಕ, ನನ್ನ ಬುದ್ಧಿಗೆ ಅದೇ ಶಿಕ್ಷೆ. ಅವತ್ತು ಅಂಗಡೀಲಿ ನಿನ್ನ ಆಂಪ್ಲಿಫೈಯರ್ ಯಾಕೆ ಸುಮ್ಮನಿತ್ತು ಗೊತ್ತಾ? ನಾನು ಅದನ್ನ ಸಿಕ್ಕಿಸಿದ್ದು ಗೋಡೆಗಲ್ಲ, ಇದಕ್ಕೆ. ಪವರ್ ರೀಜನರೇಟರ್. ನಿನ್ನೆ ಭಾವ ಫೋನ್ ಮಾಡಿದ ಮೇಲೆ ತಲೆಗೆ ಹೊಳೀತು."

"ಅದೇನು ಮಾಡುತ್ತೆ?"

"ಗೋಡೆಯಿಂದ ಬರೋ ಕರೆಂಟನ್ನ ಹಾಗೇ ಮುಂದಕ್ಕೆ ಬಿಡಲ್ಲ. ಅದರಿಂದಲೇ ಹೊಸ ಕರೆಂಟು ಹುಟ್ಟಿಸಿ, ಅದನ್ನ ಕೊಡುತ್ತೆ. ನೀರು ಬೆರೆಸಿದ ಹಾಲನ್ನ ಸೋಸಿ ಪ್ರಯೋಜನವಿಲ್ಲ ಅಂತ ಮನೇಲೇ ಹಸು ಕಟ್ಟಿದ ಹಾಗೆ. ಕೆಳಗಡೆ ಐಸ್‌ಕ್ರೀಂ ಗೋದಾಮಿನ ಫ್ರೀಜರ್‌ಗಳೇ ನಿಮ್ಮ ಕರೆಂಟನ್ನ ಕೆಡಿಸ್ತಿರೋದು. ಅದು ಯಾವಾಗ ಬಂತು?"

ಅವಳು ಲೆಕ್ಕ ಹಾಕಿದಳು. ಮೂರು ತಿಂಗಳಾಗಿತ್ತು, ಝಿರ್ ಶುರುವಾದದ್ದೂ ಆಗಲೇ. ಎಂಟು ದೊಡ್ಡ ಫ್ರೀಜರ್‌ಗಳನ್ನು ಹಗ್ಗ ಕಟ್ಟಿ ಇಳಿಸುವುದನ್ನು ಅವಳೇ ಕಿಟಕಿಯಿಂದ ನೋಡಿದ್ದಳು. ಆದರೂ ನಂಬಲು ಧೈರ್ಯ ಬರಲಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದಾನೆ ಎನಿಸಿತು.

ಅದು ತಮ್ಮನಿಗೂ ಅರ್ಥವಾಯಿತು. ಅವಳನ್ನು ಗೋಡೆಗೆ ಮುಖಮಾಡಿ ಕೂರಿಸಿದ. ಪ್ಲಗ್ಗನ್ನು ಒಮ್ಮೆ ಗೋಡೆಗೆ, ಒಮ್ಮೆ ಪೆಟ್ಟಿಗೆಗೆ, ತನ್ನ ಮನಸ್ಸಿಗೆ ಬಂದ ಹಾಗೆ ಹಾಕುವುದು. ಝಿರ್ ಇದೆಯೋ ಇಲ್ಲವೋ ಅಷ್ಟೇ ಅವಳು ಹೇಳಬೇಕು. ಭಾವ ಬರೆದುಕೊಳ್ಳಬೇಕು.

"ಇದೆ," ಎಂದಳು ಮೊದಲ ಸಲ. "ಇಲ್ಲ." "ಇಲ್ಲ." "ಇದೆ." ಪ್ರತಿ ಸಲವೂ ಯಂತ್ರ ಆರಿಸಿ, ಮತ್ತೆ ಹಚ್ಚಿ, ಅದು ಬೆಚ್ಚಗಾಗುವವರೆಗೆ ಕಾಯಬೇಕು. ಆ ಕಾಯುವಿಕೆಯಲ್ಲಿ ಅವಳು ಸೆರಗಿನ ತುದಿಯನ್ನು ಹಿಂಡಿ ಹಿಪ್ಪೆ ಮಾಡಿದ್ದಳು. ಎಂಟು ಸಲ ಆಯಿತು.

"ಎಂಟಕ್ಕೆ ಎಂಟೂ ಸರಿ ಅಕ್ಕ! ಗೋಡೆಯಲ್ಲಿದ್ದಾಗ ಇದೆ, ಪೆಟ್ಟಿಗೆಯಲ್ಲಿದ್ದಾಗ ಇಲ್ಲ. ನನಗೂ ಕೇಳಿಸ್ತು, ಆದ್ರೆ ಸ್ಪೀಕರ್ ಹತ್ತಿರ ಬಗ್ಗಿದಾಗ ಮಾತ್ರ. ನೀನು ಅಲ್ಲಿಂದಲೇ ಹಿಡೀತಿದ್ದೀಯ. ನಿನ್ನ ಕಿವಿಗೆ ಏನು ಬಂದಿದೆ ದಾಡಿ!"

ಹೋದ ಜೀವ ಬಂದಂತಾಯಿತು. ನಗಬೇಕೆಂದು ಬಾಯಿ ತೆರೆದರೆ ಬಂದದ್ದು ಅಳು. ತಮ್ಮನ ಬೆನ್ನಿಗೊಂದು ಗುದ್ದಿ, "ಮೊದಲೇ ಹೇಳೋಕೆ ಏನಾಗಿತ್ತೋ ನಿಂಗೆ, ಮೂರು ತಿಂಗಳು ಸತ್ತು ಬದುಕಿದೆ," ಎಂದು ಬೈದಳು.

ರೆಕಾರ್ಡ್ ಹಾಕಿದರು. ಪಿಯಾನೊ ತಗ್ಗಿತು, ತಗ್ಗಿತು, ಕೊನೆಯ ಸ್ವರ ಕರಗಿ ಹೋಗುವವರೆಗೂ ಅದರ ಸುತ್ತ ಏನೂ ಇರಲಿಲ್ಲ. ನುಡಿಸುವವನು ಕಾಲಿನ ಪೆಡಲಿನಿಂದ ಪಾದ ಎತ್ತಿದ್ದು ಸಹ ಕೇಳಿಸಿತು. ಅವಳು ಕಣ್ಣು ಮುಚ್ಚಿ ಕೂತಳು.

ಆಗ ಗಂಡ ಮೆಲ್ಲಗೆ ಕೇಳಿದ: "ಹಾಗಾದ್ರೆ ಮೊದಲನೇ ಸಲ ಸದ್ದು ಇದ್ದಿದ್ದು ನಿಜವಾ? ನನಗೆ ಎಂಟು ಸಲವೂ ಒಂದೇ ಥರ ಕೇಳಿಸ್ತು."

ಅಕ್ಕ ತಮ್ಮ ಮುಖ ಮುಖ ನೋಡಿಕೊಂಡರು. ಮೂವತ್ತು ವರ್ಷ ಅಚ್ಚುಕೂಟದ ಗಡಗಡ ಸದ್ದಿನಲ್ಲಿ ನಿಂತು ದುಡಿದ ಮನುಷ್ಯ. ಟಿವಿ ಜೋರು ಮಾಡುತ್ತಾನೆಂದು ಅವಳು ಜಗಳವಾಡಿದ್ದು ಎಷ್ಟು ಸಲವೋ. ತನ್ನ ಕಿವಿಯ ಚಿಂತೆಯಲ್ಲಿ ಅವನ ಕಿವಿ ಅವಳಿಗೆ ಹೊಳೆದೇ ಇರಲಿಲ್ಲ.

ಮಾರನೆಯ ದಿನ, ಒಳಗೆ ಹೋಗಲಾರದೆ ತಾನು ಹಿಂದಿರುಗಿದ್ದ ಅದೇ ಡಾಕ್ಟರ ಬಾಗಿಲನ್ನು ಅವಳೇ ತಳ್ಳಿದಳು, ಗಂಡನ ಕೈ ಹಿಡಿದುಕೊಂಡು. ತೆಳು ಸದ್ದುಗಳು ಅವನಿಂದ ಬಹಳ ಹಿಂದೆಯೇ ದೂರವಾಗಿದ್ದವು ಎಂದರು ಡಾಕ್ಟರು. ಹೆದರುವಂಥದ್ದಲ್ಲ, ಕಿವಿಯ ಹಿಂದೆ ಸಣ್ಣ ಯಂತ್ರ ಇಟ್ಟರೆ ಸಾಕು.

ದಾರಿಯಲ್ಲಿ ಸಭಾಂಗಣಕ್ಕೆ ಹೋಗಿ ಕೇಳಿದಳು. ಮ್ಯಾನೇಜರು ಬೇರೆ ಯಾರನ್ನೂ ಗೊತ್ತುಮಾಡಿರಲಿಲ್ಲ. "ನಿಮಗೆ ಬುದ್ಧಿ ಬರಲಿ ಅಂತ ಕಾಯ್ತಿದ್ದೆ ಅಕ್ಕಾ," ಎಂದರು.

ಯಂತ್ರ ಬಂದ ವಾರ ಗಂಡ ಮನೆಯಲ್ಲೆಲ್ಲ ಬೆಚ್ಚಿಬೀಳುತ್ತಿದ್ದ. ಚಮಚ ಬಿದ್ದರೆ ಹಾರುತ್ತಿದ್ದ, ಚಪ್ಪಲಿಯ ಸದ್ದಿಗೆ ತಿರುಗುತ್ತಿದ್ದ. ಭಾನುವಾರ ರೆಕಾರ್ಡಿನ ಮುಂದೆ ಕೂತವನು ಸ್ಪೀಕರಿನ ಕಡೆಗೇ ಬಾಗಿದ.

"ಅಲ್ಲ ಕಣೇ," ಎಂದ ಕೊನೆಗೆ, "ಈ ಪಿಟೀಲು ಇದರಲ್ಲಿ ಮೊದಲಿಂದಲೂ ಇತ್ತಾ?"

"ಇತ್ತು ರೀ," ಎಂದು ಅವಳು ಅವನ ಪಕ್ಕಕ್ಕೆ ಸರಿದು ಕೂತಳು. "ಕೇಳಿ, ಮುಂದೆ ಇನ್ನೂ ಚೆನ್ನಾಗಿದೆ."